ಸೋಮನಾಥಪುರ ನೋಡಿ ಭೀಮೇಶ್ವರಿಯಲ್ಲಿ ತಂಗುವುದು: ಬೈಕಿನಲ್ಲಿ ಎರಡು ದಿನ

ಬೆಂಗಳೂರಿನಿಂದ ಬೈಕಿನಲ್ಲಿ ಹೊರಟು ಒಂದು ಹೊಯ್ಸಳ ದೇಗುಲ, ಕಾಡಿನಲ್ಲೊಂದು ರಾತ್ರಿ ಎರಡನ್ನೂ ಶನಿವಾರ-ಭಾನುವಾರದೊಳಗೆ ಮುಗಿಸಬೇಕೆನ್ನುವವರಿಗೆ ನಾನು ಮೊದಲು ಹೇಳುವುದು ಸೋಮನಾಥಪುರ ಮತ್ತು ಭೀಮೇಶ್ವರಿಯ ಜೋಡಿಯನ್ನು. ಹೋಗಿಬರುವ ದಾರಿ ಒಟ್ಟು 320 ಕಿ.ಮೀ. ಆಸುಪಾಸು. ಯಾವ ಬೈಕಾದರೂ ನಡೆದೀತು. ಎಚ್ಚರ ಬೇಕಿರುವುದು ಹೊತ್ತಿನ ವಿಷಯದಲ್ಲಿ. ಶನಿವಾರ ಸೂರ್ಯ ಮುಳುಗುವ ಮೊದಲೇ ಭೀಮೇಶ್ವರಿಯ ಕ್ಯಾಂಪ್ ಸೇರಿರಬೇಕು. ಎಷ್ಟಕ್ಕೆ ಹೊರಡಬೇಕು, ಎಲ್ಲಿ ಎಷ್ಟು ಹೊತ್ತು ನಿಲ್ಲಬೇಕು ಎಂಬ ಲೆಕ್ಕವನ್ನೆಲ್ಲ ಅಲ್ಲಿಂದ ಹಿಂದಕ್ಕೆ ಹಾಕುತ್ತ ಬರಬೇಕು.

ಮೈಸೂರು ಎಕ್ಸ್‌ಪ್ರೆಸ್‌ವೇ ಬೇಡ. 2023ರ ಆಗಸ್ಟ್‌ನಿಂದ ಅದರ ಮುಖ್ಯ ಪಥಕ್ಕೆ ದ್ವಿಚಕ್ರ ವಾಹನಗಳಿಗೆ ಪ್ರವೇಶವಿಲ್ಲ. ಸರ್ವಿಸ್ ರಸ್ತೆಯಲ್ಲೇ ಹೋಗಬೇಕು. ಕನಕಪುರ ರಸ್ತೆ ಹಿಡಿದು ಸಾತನೂರು, ಹಲಗೂರು, ಮಳವಳ್ಳಿ ದಾಟಿ ಬನ್ನೂರಿನ ಕಡೆ ತಿರುಗಿದರೆ ಸೋಮನಾಥಪುರಕ್ಕೆ ಸುಮಾರು 135 ಕಿ.ಮೀ. ಬೆಳಗ್ಗೆ ಐದೂವರೆಗೆ ನಗರ ಬಿಟ್ಟು, ದಾರಿಯಲ್ಲಿ ಇಡ್ಲಿ ತಿಂದರೂ, ದೇಗುಲದ ಬಾಗಿಲು ತೆರೆಯುವ ಒಂಬತ್ತರ ಹೊತ್ತಿಗೆ ಮುಂದೆ ನಿಂತಿರಬಹುದು.

ಡಿಸೆಂಬರ್-ಜನವರಿಯಲ್ಲಿ ಹೊರಡುವವರು ಒಂದು ಮಾತನ್ನು ಚೆನ್ನಾಗಿ ನೆನಪಿಡಬೇಕು. ಈ ಭಾಗದ ಹಳ್ಳಿಗಳಲ್ಲಿ ಹುರುಳಿ, ರಾಗಿಯನ್ನು ರಸ್ತೆಗೇ ಹರಡಿ ಒಕ್ಕಣೆ ಮಾಡುವ ರೂಢಿ ಇನ್ನೂ ಇದೆ. ಕಣಗಳು ಕಾಣೆಯಾದ ಮೇಲೆ ರೈತರಿಗೆ ಟಾರು ರಸ್ತೆಯೇ ಕಣ. ಕಾರಿನವರಿಗೆ ಅದು ಬರೀ ಸರಸರ ಸದ್ದು. ಬೈಕಿಗೆ ಹಾಗಲ್ಲ. ಒಣಗಿದ ಹುರುಳಿ ಬಳ್ಳಿಯ ಮೇಲೆ ಟಯರಿಗೆ ಹಿಡಿತವೇ ಸಿಗುವುದಿಲ್ಲ, ಬ್ರೇಕ್ ಒತ್ತಿದರೆ ಹಿಂದಿನ ಚಕ್ರ ಜಾರುತ್ತದೆ. ಬಳ್ಳಿ ಚೈನಿಗೋ ಚಕ್ರಕ್ಕೋ ಸುತ್ತಿಕೊಳ್ಳುತ್ತದೆ. ಕಾದ ಸೈಲೆನ್ಸರಿಗೆ ತಗುಲಿದರೆ ಹೊತ್ತಿಕೊಳ್ಳುವ ಅಪಾಯವೂ ಉಂಟು. ದೂರದಿಂದಲೇ ಕಂಡರೆ ವೇಗ ಇಳಿಸಿ, ಎರಡನೇ ಗೇರಿನಲ್ಲಿ ನೇರವಾಗಿ, ಬ್ರೇಕ್ ಮುಟ್ಟದೆ ದಾಟಿ. ದಾಟಿದ ಮೇಲೆ ಒಮ್ಮೆ ನಿಲ್ಲಿಸಿ, ಚೈನಿನ ಹತ್ತಿರ ಸಿಕ್ಕಿದ ನಾರನ್ನು ಕಿತ್ತು ತೆಗೆಯಿರಿ.

ಸೋಮನಾಥಪುರದ ಕೇಶವ ದೇಗುಲವನ್ನು ಮೂರನೆಯ ನರಸಿಂಹನ ದಂಡನಾಯಕ ಸೋಮನಾಥ 1258ರಲ್ಲಿ ಕಟ್ಟಿಸಿದ. ಬೇಲೂರು, ಹಳೇಬೀಡುಗಳ ಜೊತೆಗೆ 2023ರಲ್ಲಿ ಇದು ಯುನೆಸ್ಕೊ ವಿಶ್ವ ಪರಂಪರೆ ಪಟ್ಟಿಗೆ ಸೇರಿತು. ಪೂಜೆ ನಡೆಯುವುದಿಲ್ಲ, ಹಾಗಾಗಿ ನೂಕುನುಗ್ಗಲಿಲ್ಲ. ಎರಡು ಗಂಟೆ ಆರಾಮಾಗಿ ನೋಡಬಹುದು. ಬೂಟು ಬಿಚ್ಚಲೇಬೇಕು. ಹನ್ನೊಂದರ ಮೇಲೆ ಅಂಗಳದ ಕಲ್ಲು ಕಾಯುವುದರಿಂದ ದಪ್ಪನೆಯ ಕಾಲುಚೀಲವೊಂದು ಚೀಲದಲ್ಲಿರಲಿ.

ಹೆಚ್ಚಿನವರು ನೇರ ಒಳಗೆ ನುಗ್ಗುತ್ತಾರೆ. ಅದರ ಬದಲು ಮಹಾದ್ವಾರದಲ್ಲಿರುವ ಶಾಸನದ ಎದುರು ಸ್ವಲ್ಪ ನಿಂತು, ಜಗಲಿ ಹತ್ತಿ, ಬಲಕ್ಕೆ ಗೋಡೆ ಬರುವಂತೆ ಸುತ್ತು ಹಾಕಿ. ಗೋಡೆಯನ್ನು ಕೆಳಗಿನಿಂದ ಮೇಲಕ್ಕೆ ಓದಬೇಕು: ಮೊದಲು ಆನೆಗಳ ಸಾಲು, ಅದರ ಮೇಲೆ ಕುದುರೆ ಸವಾರರು, ಬಳ್ಳಿ, ಆಮೇಲೆ ಕಥೆ. ದಕ್ಷಿಣದ ಗರ್ಭಗುಡಿಯ ಸುತ್ತ ರಾಮಾಯಣ, ಹಿಂದುಗಡೆ ಭಾಗವತ, ಉತ್ತರಕ್ಕೆ ಮಹಾಭಾರತ. ಅದಕ್ಕೂ ಮೇಲೆ ದೊಡ್ಡ ವಿಗ್ರಹಗಳು. ಅವುಗಳ ಪೀಠದ ಅಂಚಿನಲ್ಲಿ ಕಣ್ಣಿಟ್ಟು ಹುಡುಕಿದರೆ ಹಳಗನ್ನಡ ಲಿಪಿಯಲ್ಲಿ ಕೆತ್ತಿದವರ ಹೆಸರು ಸಿಗುತ್ತದೆ. ಹೆಚ್ಚು ಸಲ ಕಾಣುವುದು ಮಲ್ಲಿತಮ್ಮನದು. ಏಳೂವರೆ ಶತಮಾನದ ಹಿಂದಿನ ಒಬ್ಬ ಕೆಲಸಗಾರನ ಸಹಿಯನ್ನು ಇಷ್ಟು ಹತ್ತಿರದಿಂದ ನೋಡುವ ಅವಕಾಶ ನಮಗೆ ಬೇರೆಡೆ ಸುಲಭಕ್ಕೆ ಸಿಗದು. ಒಳಗಿನ ನವರಂಗದಲ್ಲಿ ತಲೆ ಎತ್ತಿ ಭುವನೇಶ್ವರಿಗಳನ್ನು, ಅಂದರೆ ಛಾವಣಿಯ ಕೆತ್ತನೆಗಳನ್ನು, ಒಂದೊಂದಾಗಿ ನೋಡಿ. ಒಂದರಂತೆ ಇನ್ನೊಂದಿಲ್ಲ. ಬಾಳೆಯ ಮೂತಿಯಂತೆ ಇಳಿಬಿದ್ದ ಕಲ್ಲಿನ ಮೊಗ್ಗಿನ ಕೆಳಗೆ ಕತ್ತಲಿರುತ್ತದೆ, ಕಣ್ಣು ಹೊಂದಿಕೊಳ್ಳಲು ಬಿಡಿ.

ಹನ್ನೊಂದೂವರೆಗೆ ಹೊರಡಿ. ಬಂದ ದಾರಿಯಲ್ಲೇ ಹಲಗೂರಿಗೆ ಮರಳಿ, ಅಲ್ಲಿಂದ ಮುತ್ತತ್ತಿಯ ಕಡೆ ತಿರುಗಿದರೆ ಭೀಮೇಶ್ವರಿ ಸುಮಾರು 20 ಕಿ.ಮೀ. ಪೆಟ್ರೋಲನ್ನು ಮಳವಳ್ಳಿಯಲ್ಲೋ ಹಲಗೂರಿನಲ್ಲೋ ತುಂಬಿಸಿಕೊಳ್ಳಿ, ಮುಂದೆ ನೆಚ್ಚಿಕೊಳ್ಳುವಂತಿಲ್ಲ.

ಇಲ್ಲಿಂದ ಮುಂದಿನದು ಕಾವೇರಿ ವನ್ಯಜೀವಿ ಧಾಮ. 'ಕಾಡಿನಲ್ಲಿ ಟೆಂಟ್ ಹಾಕುವುದು' ಎಂಬ ಆಸೆಗೆ ಕಾನೂನಿನ ಗೆರೆ ಬೀಳುವುದೂ ಇಲ್ಲೇ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಧಾಮದೊಳಗೆ ಹಾದುಹೋಗುವ ಸಾರ್ವಜನಿಕ ಹೆದ್ದಾರಿಯಲ್ಲಿ ಪ್ರಯಾಣಿಸಲು ಪರವಾನಗಿ ಬೇಡ. ರಸ್ತೆ ಬಿಟ್ಟು ಒಳಗೆ ಹೋಗಲು, ತಂಗಲು ಬೇಕು. ಬೆಂಕಿ ಹಚ್ಚುವುದಂತೂ ನಿಷಿದ್ಧ. ಹೊಳೆದಂಡೆಯ ಮರಳಿನಲ್ಲಿ ಗುಡಾರ ಹೂಡಿ ಸೌದೆ ಉರಿಸಿದ ಚಿತ್ರಗಳನ್ನು ನೋಡಿ ಮರುಳಾಗಬೇಡಿ, ಅದು ಅಪರಾಧ. ಈ ಎಲೆ ಉದುರುವ ಒಣಕಾಡಿಗೆ ಬೇಸಿಗೆಯಲ್ಲಿ ಒಂದು ಕಿಡಿ ಸಾಕು.

ಸರಿಯಾದ ದಾರಿ ಸರ್ಕಾರದ ಜಂಗಲ್ ಲಾಡ್ಜಸ್ ಅಂಡ್ ರೆಸಾರ್ಟ್ಸ್ ನಡೆಸುವ ಭೀಮೇಶ್ವರಿ ಕ್ಯಾಂಪ್. ನದಿಯ ಪಕ್ಕದಲ್ಲೇ ಕ್ಯಾನ್ವಾಸ್ ಟೆಂಟ್ ಕಾಟೇಜುಗಳಿವೆ. ಮೊದಲೇ ಕಾಯ್ದಿರಿಸಿಕೊಳ್ಳಬೇಕು, ಬೈಕಿನಲ್ಲಿ ಬರುತ್ತೇವೆಂದು ಹೇಳಿ ಚೆಕ್‌ಪೋಸ್ಟ್ ಸಮಯವನ್ನೂ ಕೇಳಿಕೊಳ್ಳಿ. ಒಂದು ಕಾಲಕ್ಕೆ ಮಹಶೀರ್ ಮೀನಿಗೆ ಗಾಳ ಹಾಕಲು ವಿದೇಶಗಳಿಂದ ಜನ ಬರುತ್ತಿದ್ದ ತಾಣವಿದು. ಆ ಹವ್ಯಾಸಕ್ಕೆ ಈಗ ಅವಕಾಶವಿಲ್ಲ. ಕಾವೇರಿಯ ಸ್ವಂತ ತಳಿಯಾದ ಡುಬ್ಬದ ಮಹಶೀರ್ 2018ರಲ್ಲಿ ತೀವ್ರ ಅಳಿವಿನಂಚಿನ ಪಟ್ಟಿ ಸೇರಿರುವಾಗ ಅದು ನ್ಯಾಯವೇ. ಹೊಳೆಸಾಲಿನ ಮತ್ತಿ ಮರಗಳ ಮೇಲೆ ಬೂದುಬಣ್ಣದ ದೊಡ್ಡ ಅಳಿಲನ್ನು ಹುಡುಕಿ. ಕರ್ನಾಟಕದಲ್ಲಿ ಅದನ್ನು ಕಾಣಬಹುದಾದ ಜಾಗ ಈ ಕಾವೇರಿ ಕಾಡು.

ನೀರಿಗೆ ಇಳಿಯಬೇಡಿ. ಮೇಲೆ ಸಮತಟ್ಟಾಗಿ ಕಂಡರೂ ಬಂಡೆಗಳ ನಡುವೆ ಸುಳಿ, ಮಡು ಇವೆ, ಮೊಸಳೆಗಳೂ ಇವೆ. ಮುತ್ತತ್ತಿಯಲ್ಲಿ ಈಜಲು ಹೋದ ಹುಡುಗರು ಮುಳುಗಿದ ಸುದ್ದಿ ಮತ್ತೆ ಮತ್ತೆ ಬರುತ್ತದೆ. ಹರಿಗೋಲಿನಲ್ಲಿ ಕೂರುವುದಾದರೆ ಲೈಫ್ ಜಾಕೆಟ್ ಕಟ್ಟಿಕೊಂಡೇ ಕೂರಿ. ಮಳೆಗಾಲದಲ್ಲಿ ಅದೂ ನಿಲ್ಲಬಹುದು, ಕಾರಣ ಸರಳ: ಸೋಮನಾಥಪುರದ ಹತ್ತಿರ ಹರಿಯುವುದು ಕೆಆರ್‌ಎಸ್ ಬಿಟ್ಟ ನೀರು; ತಿ. ನರಸೀಪುರದಲ್ಲಿ ಕಬಿನಿ ಸೇರಿದ ಮೇಲೆ ಭೀಮೇಶ್ವರಿಗೆ ಬರುವುದು ಎರಡು ಜಲಾಶಯಗಳ ನೀರು. ಎರಡರಿಂದಲೂ ಹೊರಹರಿವು ಹೆಚ್ಚಿದ್ದರೆ ಪ್ರವಾಸ ಮುಂದೂಡಿ. ಅಕ್ಟೋಬರ್ ಕಡೆಯಿಂದ ಫೆಬ್ರುವರಿವರೆಗೆ ಒಳ್ಳೆಯ ಕಾಲ.

ಸೂರ್ಯ ಮುಳುಗುವ ಮೊದಲೇ ಕ್ಯಾಂಪ್ ಸೇರಬೇಕು ಎಂದದ್ದು ಆನೆಗಾಗಿ; ಕತ್ತಲಾದ ಮೇಲೆ ಬೈಕು ತೆಗೆಯಬಾರದು. ರಾಗಿ ತೆನೆ ಕಟ್ಟುವ ದಿನಗಳಲ್ಲಿ ಅವು ಸಂಜೆ ಕಾಡಂಚಿನ ಹೊಲಗಳಿಗೆ ಇಳಿದು ಬೆಳಗಿನ ಜಾವ ಹಿಂದಿರುಗುತ್ತವೆ. ರಸ್ತೆ ದಾಟುವುದೂ ಆ ಹೊತ್ತಿನಲ್ಲೇ. ಎದುರಾದರೆ ದೂರದಲ್ಲೇ ನಿಲ್ಲಿಸಿ, ಹಾರ್ನ್ ಮಾಡಬೇಡಿ, ಆಕ್ಸಿಲರೇಟರ್ ತಿರುಚಿ ಗದ್ದಲ ಎಬ್ಬಿಸಬೇಡಿ. ಫೋಟೋಗೆಂದು ಇಳಿಯಲೇಬೇಡಿ. ಬೈಕನ್ನು ಮೆಲ್ಲಗೆ ತಿರುಗಿಸಿ ಹಿಂದೆ ಸರಿದು, ಅದು ದಾಟಿದ ಮೇಲೂ ಒಂದಿಷ್ಟು ಹೊತ್ತು ಕಾಯಿರಿ. ಮರಿಯಾನೆ ಹಿಂದುಳಿದಿರಬಹುದು.

ಸಾಮಾನು ಕಡಿಮೆ ಇರಲಿ. ಹಿಂದೆ ಕೂರುವವರಿಗೂ ಐಎಸ್‌ಐ ಹೆಲ್ಮೆಟ್, ಪಂಕ್ಚರ್ ಕಿಟ್, ಟಾರ್ಚ್, ಎರಡು ಲೀಟರ್ ನೀರು ಸಾಕು. ಇಬ್ಬರು ಕೂರುವುದಾದರೆ ಹಿಂದಿನ ಟಯರಿಗೆ ಕಂಪನಿ ಹೇಳಿದಷ್ಟು ಗಾಳಿ ಹೆಚ್ಚು ಹಾಕಿಸಿ. ಭಾನುವಾರ ಬೆಳಗಿನ ತಿಂಡಿ ಮುಗಿಸಿ, ಬಿಸಿಲೇರುವ ಮುಂಚೆ ಹೊರಟರೆ ಬೆಂಗಳೂರು 100 ಕಿ.ಮೀ. ಅಷ್ಟೇ. ಸಂಜೆಯ ಹೊತ್ತಿಗೆ ಕನಕಪುರ ರಸ್ತೆಯ ಬೆಂಗಳೂರು ತುದಿಯಲ್ಲಿ ವಾಹನಗಳು ಕಟ್ಟಿಕೊಳ್ಳುವುದರಿಂದ ಮಧ್ಯಾಹ್ನದೊಳಗೆ ನಗರ ಸೇರುವುದು ವಾಸಿ.