ತೋಟದ ಗಾಡಿಗೆ ರೇಸ್ ದೂರವಾದ ಬಗೆ

ಚಿಕ್ಕಮಗಳೂರು ಕಡೆಯ ಮೂಡಿಗೆರೆ, ಆಲ್ದೂರು, ಕಳಸದ ಕಾಫಿ ತೋಟಗಳಲ್ಲಿ ಮಾರುತಿ ಜಿಪ್ಸಿಗೆ ಎರಡು ಕೆಲಸವಿತ್ತು. ವಾರವಿಡೀ ಗೊಬ್ಬರದ ಚೀಲ, ಸ್ಪ್ರಿಂಕ್ಲರ್ ಪೈಪು, ಸಂತೆಯ ಸಾಮಾನು ಹೊರುವುದು. ಆಟೋಕ್ರಾಸ್ ಇದ್ದ ಭಾನುವಾರ ಹಿಂದಿನ ಸೀಟು ಕಳಚಿ, ಟೈರು ಬದಲಿಸಿ, ಬಾಗಿಲಿಗೆ ನಂಬರ್ ಅಂಟಿಸಿಕೊಂಡು ಮಣ್ಣಿನ ಟ್ರ್ಯಾಕಿಗೆ ಇಳಿಯುವುದು. ಸಂಜೆ ಅದೇ ಗಾಡಿಯಲ್ಲಿ ಮನೆಗೆ. ಸೋಮವಾರ ಬೆಳಿಗ್ಗೆ ಮತ್ತೆ ಗೊಬ್ಬರ.

ಈ ಜೋಡಿ ಬದುಕು ಈಗ ಹೆಚ್ಚುಕಡಿಮೆ ಮುಗಿದಿದೆ. ರೇಸ್ ಮಾಡಬೇಕೆಂದರೆ ರೇಸಿಗೆಂದೇ ಇನ್ನೊಂದು ಗಾಡಿ ಬೇಕು. ಖರ್ಚು ಏರಿದ್ದಕ್ಕೂ ಊರಿನ ಹುಡುಗರು ಹಿಂದೆ ಸರಿದದ್ದಕ್ಕೂ ಮೂಲ ಇದೇ. ಮಲೆನಾಡಿನಲ್ಲಿ ದುಡ್ಡಿಲ್ಲ ಎನ್ನುವಂತಿಲ್ಲ. 2025ರ ಆರಂಭದಲ್ಲಿ 50 ಕೆ.ಜಿ. ಅರೇಬಿಕಾ ಪಾರ್ಚ್‌ಮೆಂಟ್ ಚೀಲದ ಬೆಲೆ 25 ಸಾವಿರ ರೂಪಾಯಿ ದಾಟಿತ್ತು. 2000ದ ದಶಕದ ಆರಂಭದಲ್ಲಿ ಕಾಫಿ ಬೆಲೆ ನೆಲಕಚ್ಚಿ ಬೆಳೆಗಾರರು ಸಾಲದಲ್ಲಿ ಮುಳುಗಿದ್ದಾಗಲೂ ಇಲ್ಲಿ ಮೋಟಾರ್ ಸ್ಪೋರ್ಟ್ ನಿಂತಿರಲಿಲ್ಲ. ಹಾಗಾಗಿ ಕಾಫಿ ರೇಟನ್ನಷ್ಟೇ ನೋಡಿದರೆ ಈ ಲೆಕ್ಕ ತಾಳೆಯಾಗುವುದಿಲ್ಲ.

ಕಾಫಿ ಹೆಸರಿನ ರ್‍ಯಾಲಿ

ರ್‍ಯಾಲಿಗೆ ಚಿಕ್ಕಮಗಳೂರು ಒಗ್ಗಿದ್ದು ತೋಟಗಳ ಒಳರಸ್ತೆಗಳಿಂದಾಗಿ. ಖಾಸಗಿ ಜಾಗವಾದ್ದರಿಂದ ಸಾರ್ವಜನಿಕ ಸಂಚಾರ ತಡೆಯುವ ತಾಪತ್ರಯ ಕಡಿಮೆ. ಕೆಮ್ಮಣ್ಣು, ಹಠಾತ್ ತಿರುವು, ಒಂದು ಬದಿಗೆ ದರೆ, ಇನ್ನೊಂದು ಬದಿಗೆ ಕಂದಕ, ಮರದ ನೆರಳಲ್ಲಿ ಒಣಗದೆ ಉಳಿದ ಜಾರು. ಡ್ರೈವರ್‌ನ ಕೈ ಪರೀಕ್ಷಿಸಲು ಇಷ್ಟು ಸಾಕು. 1988ರಿಂದ ನಡೆಯುತ್ತಿರುವ ರಾಷ್ಟ್ರೀಯ ರ್‍ಯಾಲಿ ಚಾಂಪಿಯನ್‌ಷಿಪ್‌ನ ಸುತ್ತುಗಳು ಇಲ್ಲಿಗೆ ಬಂದವು. 2016 ಮತ್ತು 2017ರ ನವೆಂಬರ್‌ಗಳಲ್ಲಿ ಏಷ್ಯಾ ಪೆಸಿಫಿಕ್ ಚಾಂಪಿಯನ್‌ಷಿಪ್‌ನ 'ಕಾಫಿ ಡೇ ಇಂಡಿಯಾ ರ್‍ಯಾಲಿ'ಯೂ ಇಲ್ಲೇ ನಡೆಯಿತು. ಆ ಎರಡೂ ವರ್ಷ ಏಷ್ಯಾ ಪೆಸಿಫಿಕ್ ಪ್ರಶಸ್ತಿ ಗೆದ್ದ ಗೌರವ್ ಗಿಲ್ ಅವರ ಸ್ಕೋಡಾ ತೋಟದ ತಿರುವುಗಳಲ್ಲಿ ಧೂಳೆಬ್ಬಿಸುವುದನ್ನು ನೋಡಲು ಊರಿಗೆ ಊರೇ ಬೇಲಿ ಪಕ್ಕ ನಿಂತಿತ್ತು.

ಹೆಸರಲ್ಲೇ ಇದ್ದ ಪ್ರಾಯೋಜಕರ ಬಲ ಉಳಿಯಲಿಲ್ಲ. ಕಾಫಿ ಡೇ ಸ್ಥಾಪಕ, ಮೂಡಿಗೆರೆ ತಾಲ್ಲೂಕಿನ ಚೇತನಹಳ್ಳಿಯ ವಿ.ಜಿ. ಸಿದ್ಧಾರ್ಥ 2019ರ ಜುಲೈನಲ್ಲಿ ತೀರಿಕೊಂಡರು. ಮರುವರ್ಷ ಕೋವಿಡ್. ಟೈರ್ ಕಂಪನಿಗಳ ಲಕ್ಷ್ಯವೂ ಬೇರೆಡೆ ಹೊರಳಿತು. ಎಂಆರ್‌ಎಫ್ ಯುರೋಪಿಗೆ ಹೋಯಿತು, 2022ರಲ್ಲಿ ಸ್ಪೇನಿನ ಎಫ್ರೆನ್ ಯಾರೇನಾ ಅದೇ ಟೈರಿನ ಮೇಲೆ ಯುರೋಪಿಯನ್ ಚಾಂಪಿಯನ್ ಆದರು. ಕಂಪನಿಗೆ ಅದು ಲಾಭದ ನಡೆ. ಆದರೆ ದೊಡ್ಡ ಪ್ರಾಯೋಜಕ ಎದ್ದು ಹೋದಾಗ ಆಂಬುಲೆನ್ಸ್, ವಿಮೆ, ಟೈಮಿಂಗ್, ಮಾರ್ಷಲ್‌ಗಳ ಊಟ-ವಸತಿಯ ಹೊರೆ ಎಂಟ್ರಿ ಫೀಸಿನ ಮೇಲೆ ಬೀಳುತ್ತದೆ.

ಮೂಗಿಗಿಂತ ಮೂಗುತಿ ಭಾರ

ರ್‍ಯಾಲಿಯ ಹಿಂದಿನ ದಿನ ನಡೆಯುವ ಸ್ಕ್ರುಟಿನಿಯಲ್ಲಿ, ಅಂದರೆ ಗಾಡಿ ತಪಾಸಣೆಯಲ್ಲಿ, ಹತ್ತು ನಿಮಿಷ ನಿಂತರೆ ಖರ್ಚಿನ ಕಥೆ ತಿಳಿಯುತ್ತದೆ. ಅಧಿಕಾರಿ ಬಾನೆಟ್ ಎತ್ತುವ ಮೊದಲೇ ಬಗ್ಗಿ ಸೀಟಿನ ಚೀಟಿ ಓದುತ್ತಾರೆ. ಅಂತರರಾಷ್ಟ್ರೀಯ ಸಂಸ್ಥೆಯ ಮುದ್ರೆ ಇದೆಯೇ, ತಯಾರಾದ ವರ್ಷ ಯಾವುದು? ಸಾಮಾನ್ಯ ದರ್ಜೆಯ ರೇಸ್ ಸೀಟಿಗೆ ಐದು ವರ್ಷ ಆಯುಷ್ಯ. ಹೊಲಿಗೆ ಬಿಟ್ಟಿರದಿದ್ದರೂ ಅವಧಿ ಮುಗಿದರೆ ಮೂಲೆಗೆ. ಆಮೇಲೆ ರೋಲ್ ಕೇಜಿನ ವೆಲ್ಡಿಂಗ್ ಮೇಲೆ ಬೆರಳಾಡುತ್ತದೆ. ಬೆಲ್ಟು, ಹೆಲ್ಮೆಟ್ಟು, ಕುತ್ತಿಗೆಗೆ ಆಸರೆಯಾಗುವ ಹ್ಯಾನ್ಸ್, ಬೆಂಕಿ ತಡೆಯುವ ಉಡುಪು, ಎಲ್ಲವೂ ಡ್ರೈವರಿಗೊಂದು, ನ್ಯಾವಿಗೇಟರಿಗೊಂದು. ಬಹುತೇಕ ಆಮದು ಮಾಲು. ಹಳೆಯ ಗಾಡಿಯೊಂದರ ಬೆಲೆಯನ್ನು ಅದರೊಳಗೆ ಕೂರುವವರ ಸಾಮಾನಿನ ಬೆಲೆ ಮೀರಿಸುತ್ತದೆ.

ಇದನ್ನು ದೂರುವಂತಿಲ್ಲ. 2019ರ ಸೆಪ್ಟೆಂಬರ್‌ನಲ್ಲಿ ರಾಜಸ್ಥಾನದ ಬಾರ್ಮೇರ್ ಬಳಿ ರ್‍ಯಾಲಿ ನಡೆಯುತ್ತಿದ್ದ ರಸ್ತೆಗೆ ಬೈಕೊಂದು ನುಗ್ಗಿ, ಕಾರಿಗೆ ಸಿಕ್ಕು ಒಂದೇ ಕುಟುಂಬದ ಮೂವರು ಸತ್ತರು. ಆ ಬಳಿಕವೂ ಸುರಕ್ಷತೆಯಲ್ಲಿ ಉಳಿತಾಯ ಮಾಡೋಣ ಎನ್ನಲು ಯಾರಿಗೂ ಬಾಯಿ ಬಾರದು.

ತೋಟದ ಗಾಡಿಗೆ ಪೆಟ್ಟು ಬಿದ್ದದ್ದು ಬೇರೆ ಕಡೆಯಿಂದ. ತಯಾರಕರ ಮೂಲ ವಿನ್ಯಾಸಕ್ಕೆ ವಿರುದ್ಧವಾಗಿ ವಾಹನ ಮಾರ್ಪಡಿಸುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಹೇಳಿತು. ಕೇಜ್ ಕೂರಿಸಿ, ಸೈಲೆನ್ಸರ್ ಬದಲಿಸಿದ ಗಾಡಿಯನ್ನು ರಸ್ತೆಯಲ್ಲಿ ಓಡಿಸಿಕೊಂಡು ಬರುವುದು ಕಷ್ಟವಾಯಿತು. ಹಾಗಾದರೆ ಅದನ್ನು ಹೊತ್ತು ತರಲು ಇನ್ನೊಂದು ಲಾರಿ ಬೇಕು, ಬಾಡಿಗೆ ಬೇಕು. ಹಳೆಯ ಗಾಡಿಯನ್ನು ಇಟ್ಟುಕೊಳ್ಳುವುದೂ ಅಗ್ಗವಲ್ಲ. 15 ವರ್ಷ ದಾಟಿದ ಕಾರಿನ ನೋಂದಣಿ ನವೀಕರಣ ಶುಲ್ಕ 2022ರ ಏಪ್ರಿಲ್‌ನಲ್ಲಿ 600 ರೂಪಾಯಿಯಿಂದ 5,000ಕ್ಕೆ ಏರಿತು. 20 ವರ್ಷ ದಾಟಿದ್ದಕ್ಕೆ 2025ರಲ್ಲಿ 10,000 ಆಯಿತು.

ಹೊಸದು ಕೊಳ್ಳೋಣವೆಂದರೆ ಕೈಗೆ ಒಗ್ಗುವ ಗಾಡಿ ಶೋರೂಮಿನಲ್ಲಿಲ್ಲ. 1985ರಲ್ಲಿ ಬಂದ ಜಿಪ್ಸಿ ಹೊಸ ಸುರಕ್ಷತಾ ನಿಯಮ ಮತ್ತು ಬಿಎಸ್-6ರ ಹೊಸ್ತಿಲಲ್ಲೇ ನಿಂತುಹೋಯಿತು. ರ್‍ಯಾಲಿ ಹುಡುಗರ ಅಚ್ಚುಮೆಚ್ಚಿನ ಫೋಕ್ಸ್‌ವ್ಯಾಗನ್ ಪೋಲೊ 2022ರಲ್ಲಿ ಮುಗಿಯಿತು. ಹಳೆಯ ಜಿಪ್ಸಿಯ ಕಾಲದಲ್ಲಿ ಪೇಟೆಯ ಗ್ಯಾರೇಜಿನ ಮೇಸ್ತ್ರಿ ಕಾರ್ಬುರೇಟರ್ ಬಿಚ್ಚಿ, ಜೆಟ್ ಬದಲಿಸಿ, ಇಂಜಿನ್ನಿನ ಸದ್ದು ಕೇಳಿಯೇ ಟ್ಯೂನಿಂಗ್ ಮಾಡುತ್ತಿದ್ದ. ಈಗ ಲ್ಯಾಪ್‌ಟಾಪ್ ಹಿಡಿದವರು ಬೆಂಗಳೂರಿನಿಂದಲೋ ಕೊಯಮತ್ತೂರಿನಿಂದಲೋ ಬರಬೇಕು.

ಕೈಚಳಕ ಇದೆ, ಕಣ ಇಲ್ಲ

ಡ್ರೈವಿಂಗ್ ಬಲ್ಲವರಿಗೆ ಇಲ್ಲಿ ಬರಗಾಲವಿಲ್ಲ. ಹೊರನಾಡಿನಿಂದ ಕ್ಯಾತನಮಕ್ಕಿಗೆ ಪ್ರವಾಸಿಗರನ್ನು ಹತ್ತಿಸುವ ಜೀಪಿನವರನ್ನು ನೋಡಬೇಕು. ಕಲ್ಲು ಎದ್ದ ಏರಿನಲ್ಲಿ ಯಾವ ಚಕ್ರ ಎಲ್ಲಿ ಕಚ್ಚುತ್ತದೆಂದು ಅವರಿಗೆ ಗೊತ್ತು. ಆದರೆ ಸೀಸನ್ನಿನ ಭಾನುವಾರ ಆ ಜೀಪು ದುಡಿಯುತ್ತದೆ, ಟ್ರ್ಯಾಕಿಗೆ ತಂದರೆ ದುಡಿಮೆಯೂ ಹೋಯಿತು, ಆಕ್ಸಲ್ಲೂ ಹೋದೀತು. ತೋಟದವರ ಕಷ್ಟವೂ ಬೇರೆ ಇದೆ. ನವೆಂಬರ್ ಕಳೆಯುವಷ್ಟರಲ್ಲಿ ಹಣ್ಣು ಕೊಯ್ಲು, ಆಳಿನ ಕೊರತೆ. ಜೊತೆಗೆ ಆಲ್ದೂರು, ಮೂಡಿಗೆರೆ ಸುತ್ತ ಕಾಡಾನೆ. ರಸ್ತೆ ಬಿಟ್ಟುಕೊಡಿ ಎಂದು ಕೇಳುವುದೂ ಸುಲಭವಲ್ಲ, ಒಪ್ಪುವುದೂ ಸುಲಭವಲ್ಲ.

ಮನೆಯ ಗಾಡಿಗೂ ರೇಸಿಗೂ ನಂಟು ಕಡಿಯುವ ಈ ದಾರಿಯನ್ನು ಬೇರೆ ದೇಶಗಳೂ ತುಳಿದಿವೆ. 1949ರಲ್ಲಿ ಅಮೆರಿಕದ ನಾಸ್ಕಾರ್ 'ಕಟ್ಟುನಿಟ್ಟಾಗಿ ಸ್ಟಾಕ್' ಎಂಬ ವಿಭಾಗ ಆರಂಭಿಸಿದಾಗ ಜನ ಮನೆಬಳಕೆಯ ಕಾರಿನಲ್ಲೇ ರೇಸ್ ಮಾಡುತ್ತಿದ್ದರು. ಇಂದು ಅಲ್ಲಿನ ಸ್ಟಾಕ್ ಕಾರಿಗೂ ಮನೆಯ ಕಾರಿಗೂ ಹೆಸರಿನ ಸಂಬಂಧವಷ್ಟೇ. ಆದರೆ ಫಿನ್ಲೆಂಡ್ ಒಂದು ಉಪಾಯ ಹೂಡಿತು. ಅಲ್ಲಿನ 'ಜನಸಾಮಾನ್ಯರ ವಿಭಾಗ'ದ ರೇಸಿನಲ್ಲಿ ಓಡಿದ ಯಾವ ಕಾರನ್ನಾದರೂ ಮೊದಲೇ ಗೊತ್ತುಮಾಡಿದ ಕಡಿಮೆ ಬೆಲೆಗೆ ಇನ್ನೊಬ್ಬರು ಕೇಳಬಹುದು, ಮಾಲೀಕ ಕೊಡಲೇಬೇಕು. ಕೊಡೆನೆಂದರೆ ಲೈಸೆನ್ಸಿಗೆ ಕುತ್ತು. ನಾಳೆ ಅಗ್ಗಕ್ಕೆ ಕೈಬಿಟ್ಟು ಹೋಗುವ ಕಾರಿಗೆ ಯಾರು ತಾನೇ ಲಕ್ಷ ಸುರಿಯುತ್ತಾರೆ?

ಆ ನಿಯಮ ನಮ್ಮ ಆರ್‌ಟಿಒ ಕಾಗದಪತ್ರದ ನಡುವೆ ಹಾಗೇ ನಡೆಯದಿರಬಹುದು. ಅದರ ಹಿಂದಿನ ಯೋಚನೆ ನಡೆಯುತ್ತದೆ. ವೇಗವೇ ಲೆಕ್ಕವಾಗುವ ಸ್ಪೆಷಲ್ ಸ್ಟೇಜ್ ಇರುವ ರ್‍ಯಾಲಿಗೆ ಕೇಜ್ ಬೇಕೇ ಬೇಕು, ಅದು ಹಾಗೇ ಇರಲಿ. ಬಯಲಿನಲ್ಲಿ ಒಂದು ಸಲಕ್ಕೆ ಒಂದೇ ಗಾಡಿ ಗಡಿಯಾರದ ವಿರುದ್ಧ ಓಡುವ ಆಟೋಕ್ರಾಸ್‌ನಲ್ಲಿ ಹೊಸಬರಿಗೆ, ಮಾರ್ಪಡಿಸದ ಗಾಡಿಗೆ ಮೀಸಲಾದ ವಿಭಾಗ ಗಟ್ಟಿಯಾಗಬೇಕು. ಹೆಲ್ಮೆಟ್ಟು ರೇಸ್ ನಡೆಸುವ ಕ್ಲಬ್ಬಿನಿಂದಲೇ ಬಾಡಿಗೆಗೆ ಸಿಗಬೇಕು. ಸಮಯ-ವೇಗ-ದೂರದ ಲೆಕ್ಕದಲ್ಲಿ ಬೇಗ ಬಂದರೂ ತಡವಾದರೂ ದಂಡ ಬೀಳುವ ಟಿಎಸ್‌ಡಿ ರ್‍ಯಾಲಿಗೆ ಮನೆಯ ಕಾರೇ ಸಾಕು, ಗಂಡ ಸ್ಟಿಯರಿಂಗ್ ಹಿಡಿದರೆ ಹೆಂಡತಿ ಲೆಕ್ಕ ಹಾಕಬಹುದು, ಅದಲುಬದಲೂ ಆಗಬಹುದು. ಮತ್ತೆ ಅಂತರರಾಷ್ಟ್ರೀಯ ರ್‍ಯಾಲಿ ತರಬೇಕೆಂದು ಓಡಾಡುವವರು ಇದ್ದಾರೆ, ಓಡಾಡಲಿ. ಆದರೆ ಸ್ಕೋಡಾ ಬಂದು ಹೋದ ಮೇಲೆ ಊರಿನಲ್ಲಿ ಉಳಿಯುವುದು ನೋಡಿದ ನೆನಪು ಮಾತ್ರ. ಬಾಳೂರಿನ, ಬಣಕಲ್ಲಿನ ಹುಡುಗನೊಬ್ಬ ಮನೆಯ ಆಲ್ಟೊದಲ್ಲಿ ಬಂದು, ಓಡಿಸಿ, ಅದರಲ್ಲೇ ವಾಪಸು ಹೋಗುವಂಥ ರೇಸು ವರ್ಷಕ್ಕೆ ನಾಲ್ಕು ನಡೆದರೆ ಮುಂದಿನ ಡ್ರೈವರ್‌ಗಳು ಈ ಬೆಟ್ಟಗಳಿಂದಲೇ ಬರುತ್ತಾರೆ.