ಪಾದೆಯ ಮೇಲಿನ ಗಾಳ: ಕರ್ನಾಟಕ ಕರಾವಳಿಯ ದೋಣಿಯಿಲ್ಲದ ಮೀನುಗಾರಿಕೆ

ಕರ್ನಾಟಕದ ಕಡಲ ಮೀನುಗಾರಿಕೆಯನ್ನು ಕುರಿತ ಅಧ್ಯಯನಗಳಲ್ಲಿ ರಂಪಣಿಗೆ ದೊರೆತಿರುವ ಸ್ಥಾನ ದೊಡ್ಡದು. ಹತ್ತಾರು ಜನ ಸೇರಿ ಮರಳದಂಡೆಯಿಂದ ಎಳೆಯುತ್ತಿದ್ದ ಆ ಬಲೆ, ಅದರ ಪಾಲುಗಾರಿಕೆಯ ಕ್ರಮ, 1970ರ ದಶಕದ ನಡುವಿನಲ್ಲಿ ಪರ್ಸೀನ್ ದೋಣಿಗಳು ಬಂದ ಮೇಲೆ ಅದು ಹಿಂದೆ ಸರಿದ ಬಗೆ ಇವೆಲ್ಲ ವಿವರವಾಗಿ ಚರ್ಚೆಗೆ ಬಂದಿವೆ. ಅದೇ ಕಡಲಂಚಿನಲ್ಲಿ, ರಂಪಣಿಯನ್ನು ಎಳೆಯಲು ಮರಳೇ ಇಲ್ಲದ ಕಡೆಗಳಲ್ಲಿ, ಒಬ್ಬೊಬ್ಬರೇ ಬಂಡೆಯ ಮೇಲೆ ನಿಂತು ಗಾಳ ಇಳಿಬಿಡುವ, ಬೀಸುಬಲೆ ಎಸೆಯುವ ಕ್ರಮಕ್ಕೆ ಅಂತಹ ಗಮನ ಸಂದಿಲ್ಲ. ಇದರಲ್ಲಿ ಬಂಡವಾಳವಿಲ್ಲ, ಪಾಲುಗಾರರಿಲ್ಲ, ಹರಾಜಿನ ಕಟ್ಟೆಯೂ ಇಲ್ಲ. ಹಿಡಿದದ್ದು ಬಹುಪಾಲು ಮನೆಯ ಒಲೆಗೇ ಹೋಗುತ್ತದೆ. ಆದರೆ ಕಡಲನ್ನು ಓದುವ ವಿದ್ಯೆಯ ದೃಷ್ಟಿಯಿಂದ ನೋಡಿದರೆ ಇದು ರಂಪಣಿಗಿಂತ ಕಡಿಮೆಯದಲ್ಲ. ತಪ್ಪಿದರೆ ತೆರಬೇಕಾದ ಬೆಲೆ ಜೀವವೇ ಆದುದರಿಂದ ಒಂದು ಅರ್ಥದಲ್ಲಿ ಹೆಚ್ಚಿನದೇ.

ಸುಮಾರು 320 ಕಿಲೋಮೀಟರ್ ಉದ್ದವೆಂದು ಬಹುಕಾಲ ಲೆಕ್ಕಕ್ಕೆ ಹಿಡಿಯಲಾದ ಈ ಕರಾವಳಿಯ ತೆಂಕಣ ಭಾಗ ಬಹುಮಟ್ಟಿಗೆ ಮರಳಿನದು. ಅಲ್ಲಿಯೂ ಉಳ್ಳಾಲದ ಬಳಿಯ ಸೋಮೇಶ್ವರ, 1901ರ ದೀಪಸ್ತಂಭವನ್ನು ಹೊತ್ತ ಕಾಪುವಿನ ಬಂಡೆ ಮೊದಲಾದ ಕಡೆಗಳಲ್ಲಿ ಪಾದೆಗಳು ಕಡಲಿಗೆ ಇಳಿದಿವೆ. ಬಡಗಣಕ್ಕೆ ಸಾಗಿದಂತೆ ಸಹ್ಯಾದ್ರಿಯ ಚಾಚುಗಳು ತೀರವನ್ನೇ ಮುಟ್ಟುತ್ತವೆ. ಮುರುಡೇಶ್ವರ, ಕುಮಟಾ, ಗೋಕರ್ಣ, ಕಾರವಾರಗಳಲ್ಲಿ ಕಲ್ಲುದಂಡೆ ಮತ್ತು ಮರಳದಂಡೆ ಒಂದಾದ ಮೇಲೊಂದರಂತೆ ಬರುತ್ತವೆ. ಕಲ್ಲಿನ ಜಾತಿಯೂ ಇಲ್ಲಿ ಮುಖ್ಯ. ಕಣಶಿಲೆಯ ಬಂಡೆ ಗಟ್ಟಿಯಾದರೂ ನೀರು ತಾಗಿದಲ್ಲಿ ನುಣುಪು. ಮುರಕಲ್ಲು ಕಾಲಿಗೆ ಹಿಡಿತ ಕೊಡುತ್ತದೆ, ಆದರೆ ಅಲೆ ಅದರ ಬುಡವನ್ನು ಕೊರೆಯುವುದರಿಂದ ಮೇಲೆ ಭದ್ರವಾಗಿ ತೋರುವ ಅಂಚು ಒಳಗೆ ಪೊಳ್ಳಾಗಿರಬಹುದು.

ಮರಳದಂಡೆಯ ಅಲೆಗೂ ಕಲ್ಲುದಂಡೆಯ ಅಲೆಗೂ ಇರುವ ವ್ಯತ್ಯಾಸವೇ ಈ ಮೀನುಗಾರಿಕೆಯ ತಿರುಳು. ಅಲೆಯು ತನ್ನ ಎತ್ತರಕ್ಕಿಂತ ತುಸುವೇ ಹೆಚ್ಚು ಆಳವಿರುವ ನೀರಿಗೆ ಬಂದಾಗ ಒಡೆಯುತ್ತದೆ. ಮರಳದಂಡೆಯಲ್ಲಿ ನೆಲ ಮೆಲ್ಲನೆ ಏರುವುದರಿಂದ ಅದು ದೂರದಲ್ಲಿಯೇ ನೊರೆಯಾಗಿ, ಸದ್ದು ಮಾಡಿ, ಬಲಗುಂದಿ ಬರುತ್ತದೆ. ಬಂಡೆಯ ಬುಡದಲ್ಲಿ ನೀರು ಆಳವಾಗಿದ್ದರೆ ಹಾಗಾಗದು. ಅಲೆ ಒಡೆಯದೆ, ಸದ್ದಿಲ್ಲದೆ, ತನ್ನ ಪೂರ್ಣ ಬಲದೊಡನೆ ಬಂಡೆಯನ್ನು ಮುಟ್ಟಿ ಮೇಲಕ್ಕೆ ಉಕ್ಕುತ್ತದೆ. ಉಕ್ಕಿದ ನೀರಿಗಿಂತಲೂ ಹಿಂದಕ್ಕೆ ಸುರಿಯುವ ನೀರೇ ಮನುಷ್ಯನ ಕಾಲನ್ನು ಕೀಳುವುದು.

ಗಾಳಿಯಿಲ್ಲದ ದಿನ ಕಡಲು ಸೌಮ್ಯವಾಗಿರುತ್ತದೆ ಎಂಬ ಎಣಿಕೆಯೂ ಇಲ್ಲಿ ನಿಲ್ಲುವುದಿಲ್ಲ. ದಕ್ಷಿಣ ಹಿಂದೂ ಮಹಾಸಾಗರದ ಬಿರುಗಾಳಿಗಳಲ್ಲಿ ಹುಟ್ಟಿದ ಉದ್ದಲೆಗಳು ಸಾವಿರಾರು ಕಿಲೋಮೀಟರ್ ದಾಟಿ ಬರುತ್ತವೆ. 15 ಸೆಕೆಂಡಿಗೊಂದರಂತೆ ಬರುವ ಅಲೆಗಳ ಸಮೂಹವು ಗಂಟೆಗೆ ಸುಮಾರು 42 ಕಿಲೋಮೀಟರ್ ವೇಗದಲ್ಲಿ ಸಾಗುತ್ತದೆ. 6,000 ಕಿಲೋಮೀಟರ್ ದಾಟಲು ಅದಕ್ಕೆ ಆರು ದಿನ ಸಾಕು. ಹುಟ್ಟಿಸಿದ ಗಾಳಿ ಎಂದೋ ಅಡಗಿರುತ್ತದೆ, ಇಲ್ಲಿನ ಆಕಾಶ ತಿಳಿಯಾಗಿರುತ್ತದೆ. ಇಂತಹ ಉಕ್ಕನ್ನು ಕೇರಳದ ಮೀನುಗಾರರು ‘ಕಳ್ಳಕ್ಕಡಲ್’ ಎನ್ನುತ್ತಾರೆ. ಕನ್ನಡಿಗರಿಗೆ ಅರ್ಥ ಹೇಳಬೇಕಾಗಿಲ್ಲದ ಈ ಮಾತನ್ನೇ ವಿಜ್ಞಾನಿಗಳೂ ಪಾರಿಭಾಷಿಕ ಪದವಾಗಿ ಸ್ವೀಕರಿಸಿದ್ದಾರೆ. 2024ರ ಮಾರ್ಚ್ 31ರಂದು ಕೇರಳದ ಹಲವು ತೀರಗಳಿಗೆ ನುಗ್ಗಿದ್ದು ಇಂತಹದೇ ಕಡಲು. ಮುಂಗಾರಿಗೆ ಮುಂಚಿನ ತಿಂಗಳುಗಳಲ್ಲಿ, ಅಂದರೆ ಪಾದೆಗೆ ಹೆಚ್ಚು ಜನ ಇಳಿಯುವ ಕಾಲದಲ್ಲಿಯೇ, ಇದು ಹೆಚ್ಚು.

ಏಳನೆಯ ಅಲೆ ದೊಡ್ಡದು ಎಂಬ ನಂಬಿಕೆ ಜಗತ್ತಿನ ಅನೇಕ ಕರಾವಳಿಗಳಲ್ಲಿದೆ. ಬೇರೆ ಬೇರೆ ಅಲೆಸಾಲುಗಳು ಕೂಡಿದಾಗ ದೊಡ್ಡ ಅಲೆಗಳು ಗುಂಪಾಗಿ ಬರುವುದು ನಿಜ. ಆದರೆ ಅವುಗಳಿಗೆ ಎಣಿಕೆಯ ನಿಯಮವಿಲ್ಲ. ಮುನ್ಸೂಚನೆಯಲ್ಲಿ ಹೇಳುವ ಅಲೆಯ ಎತ್ತರವೂ ಗರಿಷ್ಠ ಎತ್ತರವಲ್ಲ, ಅತಿ ಎತ್ತರದ ಮೂರನೆಯ ಒಂದು ಪಾಲು ಅಲೆಗಳ ಸರಾಸರಿ. ಸಾವಿರ ಅಲೆಗಳಲ್ಲಿ ಒಂದು ಅದರ ಹತ್ತಿರ ಹತ್ತಿರ ಎರಡರಷ್ಟು ಏಳುತ್ತದೆ. 12 ಸೆಕೆಂಡಿಗೊಂದು ಅಲೆಯಾದರೆ ಮೂರು ಗಂಟೆ ಇಪ್ಪತ್ತು ನಿಮಿಷಗಳಲ್ಲಿ ಸಾವಿರ ಅಲೆಗಳು ಮುಗಿಯುತ್ತವೆ. ಗಾಳದವನು ಒಂದು ಇಳಿತದಲ್ಲಿ ನಿಲ್ಲುವ ಕಾಲವೂ ಹೆಚ್ಚುಕಡಮೆ ಅಷ್ಟೇ. ಹತ್ತು ನಿಮಿಷ ನೋಡಿ ಕಡಲನ್ನು ಅಳೆದವನು ಅಳೆದದ್ದು ಐವತ್ತೇ ಅಲೆಗಳನ್ನು.

ಇಷ್ಟು ಅಪಾಯವಿದ್ದೂ ಜನ ಅಲ್ಲಿಗೆ ಹೋಗುವುದಕ್ಕೆ ಕಾರಣ ಅದೇ ಅಲೆ. ಅದು ಬಂಡೆಯಿಂದ ಪಚ್ಚಿಲೆ, ಏಡಿ, ಹುಳುಗಳನ್ನು ಕಿತ್ತು ನೀರಿಗೆ ಬೆರೆಸುತ್ತದೆ; ನೊರೆಯ ಮರೆಯಲ್ಲಿ ಬೇಟೆಯ ಮೀನುಗಳು ಬುಡದವರೆಗೆ ಬರುತ್ತವೆ. ಮುರುಮೀನು ಸಂದುಗಳಲ್ಲಿಯೇ ವಾಸಿಸುವಂತಹದು. ಗಾಳ ಕಚ್ಚಿದ ಕ್ಷಣವೇ ಅದು ಪೊಟರೆಗೆ ನುಗ್ಗಿ, ಕಿವಿರು ಮುಚ್ಚಳ ಅಗಲಿಸಿ ಸಿಕ್ಕಿಕೊಳ್ಳುವುದರಿಂದ ದಾರವನ್ನು ಸಡಿಲ ಬಿಡುವಂತಿಲ್ಲ. ಸಲಕರಣೆಯ ವಿಷಯದಲ್ಲಿ ಹೇಳಬೇಕಾದದ್ದು ಸ್ವಲ್ಪವೇ: ಹತ್ತಿಯ ದಾರದ ಸ್ಥಾನಕ್ಕೆ ನೈಲಾನ್ ಬಂದಿದೆ, ಕೈದಾರದ ಜೊತೆಗೆ ಈಗ ರೀಲಿನ ಕೋಲುಗಳೂ ಕಾಣುತ್ತವೆ. ಭಾರದ ಗುಂಡನ್ನು ಮುಖ್ಯ ದಾರಕ್ಕಿಂತ ದುರ್ಬಲ ದಾರದಲ್ಲಿ ಕಟ್ಟಿದರೆ ಕಲ್ಲಿಗೆ ಸಿಕ್ಕಿದಾಗ ಗುಂಡು ಮಾತ್ರ ಹೋಗುತ್ತದೆ, ಮೀನು ಉಳಿಯುತ್ತದೆ.

ಬಂಡೆ ತಾನೇ ಒಂದು ದಾಖಲೆ. ಅತಿ ಕೆಳಗೆ ಕಡಲಪಾಚಿ ಮತ್ತು ಪಚ್ಚಿಲೆ, ಅದರ ಮೇಲೆ ಬಂಡೆಗೆ ಅಂಟಿದ ಸಿಂಪಿ ಹಾಗೂ ಬಿಳಿಯ ಚೂಪು ಚಿಪ್ಪುಗಳು, ಇನ್ನೂ ಮೇಲೆ ಸಣ್ಣ ಬಸವನಹುಳುಗಳು, ಕೊನೆಗೆ ಕಡಲು ಅಪರೂಪಕ್ಕೆ ಮುಟ್ಟುವ ಒಣ ಕಲ್ಲು. ಈ ಪಟ್ಟೆಗಳು ದಿನದ ಉಬ್ಬರವಿಳಿತವನ್ನಷ್ಟೇ ಅಲ್ಲದೆ ಅಲೆ ಎರಚುವ ಎತ್ತರವನ್ನೂ ತೋರಿಸುತ್ತವೆ. ತೆರೆದ ಕಡಲಿಗೆ ಮುಖ ಮಾಡಿದ ಬಂಡೆಯಲ್ಲಿ ಪಟ್ಟೆಗಳು ಮೇಲಕ್ಕೆ ಎಳೆದಂತಿರುತ್ತವೆ; ಮರೆಯ ಬಂಡೆಯಲ್ಲಿ ಕಿರಿದಾಗಿರುತ್ತವೆ. ಅಮಾವಾಸ್ಯೆ ಹುಣ್ಣಿಮೆಗಳ ಸುತ್ತ ಇಳಿತ ಆಳವಾದಾಗ ಪಚ್ಚಿಲೆಯ ಸಾಲು ತೆರೆದುಕೊಂಡು ಹೊರಗಿನ ಅಂಚು ಕಾಲಿಗೆ ಸಿಗುತ್ತದೆ. ಮರಳುವ ಉಬ್ಬರ ಮೊದಲು ತುಂಬುವುದು ಆ ಅಂಚನ್ನಲ್ಲ, ಅದರ ಹಿಂದಿನ ತಗ್ಗನ್ನು. ಹೊಸಬರು ಸಿಕ್ಕಿಬೀಳುವುದು ಇಲ್ಲಿಯೇ.

ಸರಕಾರದ ಲೆಕ್ಕದಲ್ಲಿ ಈ ಮೀನುಗಾರಿಕೆಗೆ ಸ್ಥಾನ ಸಿಗುವುದು ಕಷ್ಟ. ಕೇಂದ್ರ ಸಾಗರ ಮೀನುಗಾರಿಕಾ ಸಂಶೋಧನಾ ಸಂಸ್ಥೆಯ ಇಳುವರಿ ಅಂದಾಜು ಮೀನು ಇಳಿಸುವ ಕೇಂದ್ರಗಳನ್ನೂ ದೋಣಿಗಳನ್ನೂ ಆಧರಿಸಿದೆ. 1986ರ ಕರ್ನಾಟಕ ಸಾಗರ ಮೀನುಗಾರಿಕೆ ನಿಯಂತ್ರಣ ಅಧಿನಿಯಮದ ಗಮನವೂ ಮುಖ್ಯವಾಗಿ ದೋಣಿಗಳ ಮೇಲೆಯೇ. ಜೂನ್ 1ರಿಂದ ಜುಲೈ 31ರವರೆಗಿನ ನಿಷೇಧ ಯಾಂತ್ರಿಕ ದೋಣಿಗಳಿಗೆ ಅನ್ವಯಿಸುತ್ತದೆ. ಮಾರುಕಟ್ಟೆಯಲ್ಲಿ ಮೀನು ತುಟ್ಟಿಯಾಗಿ ಪಾದೆಯ ಆಸೆ ಹೆಚ್ಚುವುದೂ, ಪಾದೆ ಅತ್ಯಂತ ಅಪಾಯಕಾರಿಯಾಗುವುದೂ ಅದೇ ಎರಡು ತಿಂಗಳಲ್ಲಿ.

ಈ ನಡುವೆ ಉಳ್ಳಾಲ, ಮರವಂತೆ ಮುಂತಾದ ಕಡೆ ಕೊರೆತ ತಡೆಯಲು ಹಾಕಿದ ಕಲ್ಲಿನ ಗೋಡೆಗಳು ಮರಳದಂಡೆಗೆ ಹೊಸ ಕಲ್ಲಂಚನ್ನು ತಂದಿವೆ. ಈ ಕೃತಕ ಅಂಚು ನೈಸರ್ಗಿಕ ಪಾದೆಯಂತಲ್ಲ. ಕಲ್ಲುಗಳ ನಡುವೆ ಕಾಲು ಸಿಕ್ಕುವ ಪೊಳ್ಳುಗಳಿವೆ, ನೀರು ಕೆಳಗಿನಿಂದಲೂ ಚಿಮ್ಮುತ್ತದೆ. ಹಳೆಯ ಪಾದೆಯಲ್ಲಿ ಹಿಂದೆ ಸರಿಯಲು ಯಾವ ದಾರಿ, ಯಾವ ಸಂದಿಗೆ ಬೆನ್ನು ಹಾಕಬಾರದು ಎಂಬುದನ್ನು ಆಯಾ ಊರಿನ ಹಿರಿಯ ಗಾಳಗಾರರು ಬಲ್ಲರು. ಈ ಹೊಸ ಗೋಡೆಗಳಿಗೆ ಅಂತಹ ಹಿರಿಯರು ಇನ್ನೂ ಹುಟ್ಟಿಲ್ಲ. ಹಳೆಯ ಪಾದೆಗಳ ಅರಿವನ್ನು ಊರೂರಿನ ಹೆಸರು, ಗುರುತು, ಉಬ್ಬರದ ಲೆಕ್ಕಗಳ ಸಹಿತ ಸಂಗ್ರಹಿಸುವ ಕ್ಷೇತ್ರಕಾರ್ಯವನ್ನು ಆ ತಲೆಮಾರು ಇರುವಾಗಲೇ ಕೈಗೊಳ್ಳಬೇಕಾಗಿದೆ.