ತಾಯಿ ದುಡಿಯಲು ಹೋದಾಗ ಮನೆಯಲ್ಲಿ ಉಳಿಯುವವರು

ಬೀಡಿ ಕಟ್ಟಿದ ಹಣದಿಂದ ಶಾಲೆ ಕಲಿತವರು ನಮ್ಮ ಕರಾವಳಿಯ ಪ್ರತಿಯೊಂದು ಧರ್ಮಕೇಂದ್ರದಲ್ಲಿಯೂ ಇದ್ದಾರೆ. ತಾಯಿ ಜಗಲಿಯಲ್ಲಿ ಗೆರಸೆಯನ್ನು ಮಡಿಲಲ್ಲಿಟ್ಟುಕೊಂಡು ಕುಳಿತರೆ ಪಕ್ಕದಲ್ಲಿ ತೊಟ್ಟಿಲು, ಒಳಕೋಣೆಯಲ್ಲಿ ಹಾಸಿಗೆ ಹಿಡಿದ ಅಜ್ಜಿ. ಕೂಸು ಅತ್ತರೆ ಕಾಲಿನಿಂದಲೇ ತೊಟ್ಟಿಲು ತೂಗುವುದು, ಅಜ್ಜಿ ಕರೆದರೆ ಎದ್ದು ಹೋಗಿ ನೀರು ಕೊಡುವುದು, ಮತ್ತೆ ಬಂದು ಲೆಕ್ಕ ತಪ್ಪದಂತೆ ಬೀಡಿ ಕಟ್ಟುವುದು. ತಂಬಾಕಿನ ಘಾಟಿನಲ್ಲೇ ಮಗು ಬೆಳೆಯುತ್ತಿತ್ತು ಎಂಬುದು ಬೇರೆ ಮಾತು. ಆದರೆ ತಾಯಿ ಮನೆಯಲ್ಲೇ ಇದ್ದಳು.

ಕರಾವಳಿಯ ಬೀಡಿಗೆ ಬಂದ ತಂಬಾಕಿನಲ್ಲಿ ನಿಪ್ಪಾಣಿಯದೂ ಸೇರಿದೆ. ಅಲ್ಲಿನ ಹೆಣ್ಣುಮಕ್ಕಳ ಕೆಲಸ ಮಾತ್ರ ಮನೆಯ ಜಗಲಿಯಲ್ಲಿ ನಡೆಯುವಂಥದ್ದಲ್ಲ. ಒಣಗಿದ ತಂಬಾಕನ್ನು ಪುಡಿ ಮಾಡುವುದು, ಜರಡಿ ಹಿಡಿಯುವುದು, ಚೀಲ ತುಂಬುವುದು ಎಲ್ಲವೂ ವಖಾರಿನೊಳಗೆ. ಆ ಧೂಳಿನಲ್ಲಿ ದೊಡ್ಡವರಿಗೇ ಉಸಿರಾಡುವುದು ಕಷ್ಟವಾಗಿರುವಾಗ ಹಾಲು ಕುಡಿಯುವ ಕೂಸನ್ನು ಕರೆದೊಯ್ಯುವುದು ಹೇಗೆ? ಈ ಕಾರ್ಮಿಕ ಮಹಿಳೆಯರು ಸಂಘ ಕಟ್ಟಿಕೊಂಡು ಹೋರಾಡಿದ ಕಥೆಯನ್ನು ದೀಪಾ ಧನರಾಜ್ ಮತ್ತು ಸಂಗಡಿಗರ ‘ಯುಗಾಂತರ್’ ತಂಡವು 1982ರಲ್ಲಿ ‘ತಂಬಾಕು ಚಾಕಿಲ ಊಬ ಆಲಿ’ ಎಂಬ ಸಾಕ್ಷ್ಯಚಿತ್ರದಲ್ಲಿ ಸೆರೆಹಿಡಿಯಿತು. ಕೂಲಿಯ ಪ್ರಶ್ನೆ ಆ ಹೋರಾಟದಿಂದ ಊರಿನ ಬೀದಿಗೆ ಬಂತು. ಮಗುವನ್ನು ಯಾರು ನೋಡಿಕೊಳ್ಳಬೇಕು ಎಂಬ ಪ್ರಶ್ನೆಗೆ ಅಷ್ಟು ಸುಲಭವಾಗಿ ಬೀದಿ ಸಿಗುವುದಿಲ್ಲ. ಅದನ್ನು ಪ್ರತಿಯೊಬ್ಬ ತಾಯಿಯೂ ತನ್ನ ಮನೆಯೊಳಗೇ ಬಗೆಹರಿಸಿಕೊಳ್ಳಬೇಕೆಂದು ನಾವೆಲ್ಲರೂ ಒಪ್ಪಿಕೊಂಡಂತಿದೆ.

ಐದು ತಾಲೂಕುಗಳ ಹಗಲು

ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ ಮತ್ತು ಕಾಗವಾಡ ಬೆಳಗಾವಿ ಜಿಲ್ಲೆಯ ಗಡಿ ತಾಲೂಕುಗಳು. 2018ಕ್ಕೆ ಮುಂಚೆ ನಿಪ್ಪಾಣಿಯು ಚಿಕ್ಕೋಡಿಗೂ ಕಾಗವಾಡವು ಅಥಣಿಗೂ ಸೇರಿದ್ದವು. ಕೃಷ್ಣಾ, ದೂಧಗಂಗಾ, ವೇದಗಂಗಾ ನದಿಗಳ ನೀರು ಹರಿಯುವ ಕಪ್ಪು ಮಣ್ಣಿನ ನಾಡು. ಕಬ್ಬು ಮತ್ತು ತಂಬಾಕು ಇಲ್ಲಿಯ ಬದುಕಿಗೆ ಆಧಾರ. ಉಗಾರ ಖುರ್ದದಲ್ಲಿರುವ ಸಕ್ಕರೆ ಕಾರ್ಖಾನೆಯು ಸ್ವಾತಂತ್ರ್ಯಕ್ಕೂ ಹಿಂದಿನದು. ಮನೆಮಾತು ಕೆಲವೆಡೆ ಕನ್ನಡ, ಕೆಲವೆಡೆ ಮರಾಠಿ, ಕೆಲವೆಡೆ ಉರ್ದು. ಬೆಳಗಾವಿ ಧರ್ಮಪ್ರಾಂತ್ಯಕ್ಕೆ ಸೇರಿದ ಈ ಭಾಗದಲ್ಲಿ ಕಥೋಲಿಕರ ಸಂಖ್ಯೆ ತೀರಾ ಕಡಿಮೆ. ಆದ್ದರಿಂದ ಇಲ್ಲಿ ಯಾವುದೇ ಸೇವಾಕಾರ್ಯ ಆರಂಭಿಸಿದರೂ ಅದು ಊರಿನವರೆಲ್ಲರ ಕಾರ್ಯವಾಗಿಯೇ ನಿಲ್ಲಬೇಕು.

ಕಬ್ಬಿನ ಹಂಗಾಮು ಬಂದರೆ ಬೀಡ, ವಿಜಯಪುರ ಮುಂತಾದ ಕಡೆಗಳಿಂದ ಕಟಾವಿನ ಟೋಳಿಗಳು ಬಂದಿಳಿಯುತ್ತವೆ. ಗಂಡ ಹೆಂಡತಿ ಇಬ್ಬರೂ ಸೇರಿದರೆ ಒಂದು ‘ಕೋಯ್ತಾ’ ಎಂದು ಲೆಕ್ಕ. ಒಬ್ಬರು ಕೂತರೆ ಇಬ್ಬರ ಕೂಲಿಯೂ ನಿಂತಂತೆ. ಕೂಸು ಹೊಲದ ಬದುವಿನ ಮೇಲೆ ಸೀರೆಯ ಜೋಳಿಗೆಯಲ್ಲಿ ಮಲಗುತ್ತದೆ. ಅದನ್ನು ಕಾಯಲು ಎಂಟು ಹತ್ತು ವರ್ಷದ ಅಕ್ಕ ಇರುತ್ತಾಳೆ. ಊರಿನವರ ಮನೆಗಳಲ್ಲಿಯೂ ಸ್ಥಿತಿ ಬಹಳ ಭಿನ್ನವಲ್ಲ. ಅವ್ವ ಹೊಲಕ್ಕೆ ಹೋದರೆ ತಮ್ಮನನ್ನು ಎತ್ತಿಕೊಳ್ಳುವವಳೂ, ಕಣ್ಣು ಮಂಜಾದ ಆಯಿಯ ಕೈ ಹಿಡಿದು ಹೊರಗೆ ಕರೆದೊಯ್ಯುವವಳೂ ಅದೇ ಹುಡುಗಿ. ಶಾಲೆಯ ಹಾಜರಿ ಪುಸ್ತಕದಲ್ಲಿ ಅವಳ ಹೆಸರಿನ ಮುಂದೆ ಗೈರುಹಾಜರಿ ಬೀಳುತ್ತಾ ಹೋಗುತ್ತದೆ. ನಾವು ಅದನ್ನು ‘ಶಾಲೆ ಬಿಟ್ಟ ಮಕ್ಕಳ ಸಮಸ್ಯೆ’ ಎಂದು ಕರೆದು ಅದಕ್ಕೊಂದು ಸಮೀಕ್ಷೆ ಮಾಡುತ್ತೇವೆ.

ಚಿಕ್ಕಮಕ್ಕಳ ಆರೈಕೆ ಮತ್ತು ವೃದ್ಧರ ಹಗಲಿನ ಆರೈಕೆ ನಮ್ಮ ಕಡತಗಳಲ್ಲಿ ಎರಡು ಬೇರೆ ಬೇರೆ ಯೋಜನೆಗಳು. ಮನೆಯಲ್ಲಿ ಅವೆರಡೂ ಒಂದೇ ಕೆಲಸ, ಅದನ್ನು ಮಾಡುವುದು ಒಂದೇ ಜೊತೆ ಕೈ. ಬಾಲವಾಡಿಯೊಂದನ್ನೇ ತೆರೆದರೆ ತಾಯಿ ಕೂಸನ್ನು ಬಿಟ್ಟು ಹೋದಾಳು, ಆದರೆ ಆಯಿಗಾಗಿ ದೊಡ್ಡ ಮಗಳು ಮನೆಯಲ್ಲೇ ಉಳಿಯುತ್ತಾಳೆ.

ಸರಕಾರದ ವ್ಯವಸ್ಥೆ ಎಲ್ಲಿ ನಿಲ್ಲುತ್ತದೆ

ಅಂಗನವಾಡಿಯನ್ನು ಹಗುರವಾಗಿ ಮಾತನಾಡುವವರ ಪೈಕಿ ನಾನಲ್ಲ. 1975ರ ಅಕ್ಟೋಬರ್ 2ರಂದು ದೇಶದ 33 ಕಡೆ ಆರಂಭವಾದ ಸಮಗ್ರ ಶಿಶು ಅಭಿವೃದ್ಧಿ ಯೋಜನೆಗೆ ನಮ್ಮ ರಾಜ್ಯದಲ್ಲಿ ಮೊದಲು ಆಯ್ಕೆಯಾದದ್ದು ಮೈಸೂರು ಜಿಲ್ಲೆಯ ತಿರುಮಕೂಡಲು ನರಸೀಪುರ. ಇಂದು ಅಂಗನವಾಡಿ ಇಲ್ಲದ ಹಳ್ಳಿಯನ್ನು ಹುಡುಕಬೇಕು. ಪೂರಕ ಆಹಾರ, ಚುಚ್ಚುಮದ್ದು, ಆರೋಗ್ಯ ತಪಾಸಣೆ, ಶಾಲಾಪೂರ್ವ ಶಿಕ್ಷಣ ಎಲ್ಲವೂ ಒಬ್ಬ ಕಾರ್ಯಕರ್ತೆ ಮತ್ತು ಒಬ್ಬ ಸಹಾಯಕಿಯ ಹೆಗಲ ಮೇಲೆ. ಗೌರವಧನದ ಹೆಸರಿನಲ್ಲಿ ಅವರಿಗೆ ಸಿಗುವುದನ್ನು ನೋಡಿದರೆ ನಾವು ಗೌರವವನ್ನು ಎಷ್ಟು ಅಗ್ಗವಾಗಿ ತೂಗುತ್ತೇವೆ ಎಂಬುದು ತಿಳಿಯುತ್ತದೆ.

ಆದರೆ ಒಂದು ವಿಷಯವನ್ನು ಗಮನಿಸಬೇಕು. ಅಂಗನವಾಡಿಯಲ್ಲಿ ಕುಳಿತು ಕಲಿಯುವುದು 3ರಿಂದ 6 ವರ್ಷದ ಮಕ್ಕಳು. ಆರು ತಿಂಗಳಿಂದ ಮೂರು ವರ್ಷದ ಕೂಸಿಗೆ ಸಾಮಾನ್ಯವಾಗಿ ಮನೆಗೆ ಒಯ್ಯುವ ಆಹಾರದ ಪೊಟ್ಟಣ ಸಿಗುತ್ತದೆ, ಹಗಲಿನ ಆರೈಕೆ ಸಿಗುವುದಿಲ್ಲ. ಮಿದುಳು ಅತಿ ವೇಗವಾಗಿ ಬೆಳೆಯುವ, ಮಾತು ಮೊಳೆಯುವ ವರ್ಷಗಳೇ ಇವು. ಅಂಗನವಾಡಿಯ ಬಾಗಿಲು ಸಂಜೆಯ ಮೊದಲೇ ಮುಚ್ಚುತ್ತದೆ, ಹೊಲದ ಕೆಲಸ ಆಗ ಮುಗಿದಿರುವುದಿಲ್ಲ. ಸಂವಿಧಾನದ 45ನೇ ವಿಧಿಯು 2002ರ ತಿದ್ದುಪಡಿಯ ನಂತರ ಆರು ವರ್ಷದವರೆಗಿನ ಎಲ್ಲ ಮಕ್ಕಳ ಆರೈಕೆ ಮತ್ತು ಶಿಕ್ಷಣಕ್ಕೆ ರಾಜ್ಯವು ಪ್ರಯತ್ನಿಸಬೇಕೆಂದು ಹೇಳುತ್ತದೆ. 2020ರ ರಾಷ್ಟ್ರೀಯ ಶಿಕ್ಷಣ ನೀತಿಯು ಮೂರನೇ ವರ್ಷದಿಂದ ಕಲಿಕೆಯ ತಳಹದಿಯನ್ನು ಲೆಕ್ಕ ಹಾಕುತ್ತದೆ. ಈ ಕೊರತೆಯನ್ನು ಕಂಡೇ ಕರ್ನಾಟಕ ಸರಕಾರವು 2023ರಲ್ಲಿ ನರೇಗಾ ಕೆಲಸಕ್ಕೆ ಹೋಗುವ ತಾಯಂದಿರ ಶಿಶುಗಳಿಗಾಗಿ ಗ್ರಾಮ ಪಂಚಾಯತಿಗಳಲ್ಲಿ ‘ಕೂಸಿನ ಮನೆ’ಗಳನ್ನು ಘೋಷಿಸಿತು. ಒಳ್ಳೆಯ ಹೆಜ್ಜೆ. ತಂಬಾಕಿನ ವಖಾರಿಗೆ ಹೋಗುವವಳು, ಕಬ್ಬಿನ ಟೋಳಿಯವಳು ಆ ಲೆಕ್ಕದೊಳಗೆ ಇರಲಿಲ್ಲ.

ವೃದ್ಧರ ವಿಷಯದಲ್ಲಿ ಅಂತರ ಇನ್ನೂ ದೊಡ್ಡದು. 2007ರ ಹಿರಿಯ ನಾಗರಿಕರ ಪೋಷಣೆ ಮತ್ತು ಕಲ್ಯಾಣ ಕಾಯ್ದೆಯು ಜಿಲ್ಲೆಗೊಂದರಂತೆ 150 ಮಂದಿ ನಿರ್ಗತಿಕ ಹಿರಿಯರಿಗೆ ಸಾಲುವ ವೃದ್ಧಾಶ್ರಮದ ಮಾತನ್ನು ಆಡುತ್ತದೆ. ತಂದೆತಾಯಿಯರನ್ನು ತ್ಯಜಿಸಿದವರಿಗೆ ಮೂರು ತಿಂಗಳವರೆಗೆ ಸೆರೆಮನೆ ಅಥವಾ ಐದು ಸಾವಿರ ರೂಪಾಯಿವರೆಗೆ ದಂಡ ಅಥವಾ ಎರಡೂ ಎನ್ನುತ್ತದೆ. ಬೆಳಿಗ್ಗೆ ರೊಟ್ಟಿ ಬಡಿದಿಟ್ಟು, ಚೊಂಬಿನಲ್ಲಿ ನೀರಿಟ್ಟು, ಬಾಗಿಲು ಮುಂದೆ ಮಾಡಿಕೊಂಡು ಕೂಲಿಗೆ ಹೋಗುವ ಸೊಸೆ ಯಾರನ್ನೂ ತ್ಯಜಿಸಿಲ್ಲ. ಆದರೂ ಮುತ್ಯಾ ಸಂಜೆಯವರೆಗೆ ಒಬ್ಬರೇ. ಬಿದ್ದರೆ ಎತ್ತುವವರಿಲ್ಲ, ಸಕ್ಕರೆ ಕಾಯಿಲೆಯ ಗುಳಿಗೆ ನುಂಗಿದರೋ ಇಲ್ಲವೋ ಕೇಳುವವರಿಲ್ಲ. ಸಂಧ್ಯಾ ಸುರಕ್ಷಾ ಪಿಂಚಣಿ ಖಾತೆಗೆ ಬೀಳಬಹುದು, ಅದು ಮಾತನಾಡಿಸುವುದಿಲ್ಲ. ವೃದ್ಧಾಶ್ರಮ ಎಂದರೆ ಮನೆಯನ್ನೇ ಬಿಟ್ಟು ಹೋಗುವುದು. ಹಗಲು ಆರೈಕೆ ಎಂದರೆ ಬೆಳಿಗ್ಗೆ ಬಂದು ಸಂಜೆ ತಮ್ಮ ಮನೆಯ ಕಟ್ಟೆಗೇ ಮರಳುವುದು. ನಮ್ಮ ಜನರಿಗೆ ಬೇಕಾಗಿರುವುದು ಬಹುಮಟ್ಟಿಗೆ ಎರಡನೆಯದು.

ಮಾಡಿ ತೋರಿಸಿದವರು

ಬೀಡಿ ತಂಬಾಕಿಗೆ ನಿಪ್ಪಾಣಿಯಂತೆಯೇ ಹೆಸರಾದ ಮತ್ತೊಂದು ಸೀಮೆ ಗುಜರಾತಿನ ಖೇಡಾ. ಇಳಾ ಭಟ್ ಅವರು 1972ರಲ್ಲಿ ಕಟ್ಟಿದ ‘ಸೇವಾ’ ಸಂಘಟನೆಯು ಅಲ್ಲಿಯ ತಂಬಾಕು ಕಾರ್ಮಿಕ ಮಹಿಳೆಯರ ಮಕ್ಕಳಿಗಾಗಿ ಶಿಶುಕೇಂದ್ರಗಳನ್ನು ತೆರೆಯಿತು. ಶಿಕ್ಷಕಿಯರು ಮತ್ತು ತಾಯಂದಿರು ಸೇರಿ ಅದನ್ನು ‘ಶೈಶವ’ ಎಂಬ ಸಹಕಾರಿ ಸಂಘವನ್ನಾಗಿ ಮಾಡಿಕೊಂಡರು. ಕೇಂದ್ರದ ವೇಳೆಯನ್ನು ತಾಯಿಯ ಕೆಲಸದ ವೇಳೆಗೆ ಹೊಂದಿಸಿದ್ದು ಅವರ ಗೆಲುವಿನ ಗುಟ್ಟು. ಬೆಳಿಗ್ಗೆ ಹತ್ತಕ್ಕೆ ತೆರೆಯುವ ಬಾಲವಾಡಿಯಿಂದ ಎಂಟಕ್ಕೆ ಕೆಲಸಕ್ಕೆ ಹೊರಡುವವಳಿಗೆ ಏನು ಪ್ರಯೋಜನ?

ಅಥಣಿಯಲ್ಲಿಯೇ ನೋಡುವುದಾದರೆ, ವಕೀಲರಾದ ಬಿ. ಎಲ್. ಪಾಟೀಲರು ಕಟ್ಟಿದ ‘ವಿಮೋಚನಾ’ ಸಂಘವು ದೇವದಾಸಿ ಪದ್ಧತಿಗೆ ಬಲಿಯಾದ ತಾಯಂದಿರ ಮಕ್ಕಳಿಗಾಗಿ ಮಲಾಬಾದ ಗ್ರಾಮದಲ್ಲಿ ವಸತಿ ಶಾಲೆ ನಡೆಸುತ್ತಾ ಬಂದಿದೆ. ಅದು ಹಗಲಿನ ಶಿಶುಕೇಂದ್ರವಲ್ಲ ನಿಜ. ಆದರೆ ತಾಯಿಯ ಬದುಕನ್ನು ನೋಡದೆ ಮಗುವಿನ ಶಿಕ್ಷಣವನ್ನು ಕುರಿತು ಮಾತನಾಡಲಾಗದು ಎಂಬುದನ್ನು ಈ ನೆಲದಲ್ಲೇ ಅದು ತೋರಿಸಿದೆ. ಗಂಡನ ಮನೆ ಎಂಬುದು ಇಲ್ಲದ ಆ ಮಹಿಳೆಯರು ಈಗ ಮುಪ್ಪಿಗೆ ಬಂದಿದ್ದಾರೆ. ಹಗಲಿನ ಆರೈಕೆ ಕೇಂದ್ರವೊಂದು ತೆರೆದರೆ ಮೊದಲು ಬಾಗಿಲು ತಟ್ಟುವವರಲ್ಲಿ ಅವರೂ ಇರುತ್ತಾರೆ.

ದೊಡ್ಡವರಿಗೆ ಹಗಲಿನ ಆರೈಕೆ ಎಂದರೇನೆಂದು ನಮ್ಮ ಕರಾವಳಿಗೆ ಕಲಿಸಿದ್ದು ಎಂಡೋಸಲ್ಫಾನ್. ಕೊಕ್ಕಡ ಮತ್ತು ಕೊಯಿಲದ ಕೇಂದ್ರಗಳು ಸಂತ್ರಸ್ತರಿಗಾಗಿ ತೆರೆದವು. ಗಡಿಯಾಚೆ ಕಾಸರಗೋಡಿನಲ್ಲಿ ‘ಬಡ್ಸ್’ ಶಾಲೆಗಳಿವೆ. ಬೆಳೆದ ಮಗನನ್ನು ಎತ್ತಲು ವಯಸ್ಸಾದ ತಾಯಿಗೆ ಶಕ್ತಿಯಿಲ್ಲದಾಗ ಹಗಲಿನ ಆರು ಗಂಟೆಗಳ ಬಿಡುವು ಎಷ್ಟು ದೊಡ್ಡದೆಂದು ಆ ಮನೆಗಳನ್ನು ಸಂದರ್ಶಿಸಿದವರಿಗೆ ಗೊತ್ತು.

ಎರಡನ್ನೂ ಒಂದೇ ಸೂರಿನಡಿ ತಂದ ಉದಾಹರಣೆ ಅಮೆರಿಕದ ಮಿಲ್ವಾಕಿ ನಗರದಲ್ಲಿದೆ. ಫ್ರಾನ್ಸಿಸ್ಕನ್ ಧರ್ಮಭಗಿನಿ ಎಡ್ನಾ ಲೊನರ್ಗನ್ ಅವರು 1983ರಲ್ಲಿ ಹಿರಿಯರ ಹಗಲು ಆರೈಕೆಗಾಗಿ ಆರಂಭಿಸಿದ ಸೇವೆಯು ಮುಂದೆ ಸಂತ ಅನ್ನಾ ಕೇಂದ್ರವಾಗಿ ಬೆಳೆಯಿತು. ಆರು ವಾರದ ಕೂಸಿನಿಂದ ಹಿಡಿದು ಮರೆವಿನ ಕಾಯಿಲೆಯ ವೃದ್ಧರವರೆಗೆ ಎಲ್ಲರೂ ಅಲ್ಲಿ ಹಗಲು ಕಳೆಯುತ್ತಾರೆ. ಯೇಸುವಿನ ಅಜ್ಜಿಯ ಹೆಸರನ್ನೇ ಇಟ್ಟದ್ದು ಎಷ್ಟು ಸೂಕ್ತ! ಅಲ್ಲಿಯ ಹಣ, ಕಟ್ಟಡ, ಯಂತ್ರೋಪಕರಣ ನಮಗೆ ದೊರೆಯುವಂಥವಲ್ಲ. ಆದರೆ ಹಾಡು, ಊಟ, ಗಿಡಗಳಿಗೆ ನೀರು ಹಾಕುವುದು, ಕಥೆ ಕೇಳುವುದು ಇವಕ್ಕೆ ಡಾಲರ್ ಬೇಕಾಗಿಲ್ಲ. ಜೋಳದ ಹಿಟ್ಟು ನಾದಿ ಕೊಡಲು ಆಯಿಗೆ ಬರುತ್ತದೆ, ಅದರಲ್ಲಿ ಎತ್ತು ಬಂಡಿ ಮಾಡಲು ಮಗುವಿಗೆ ಬರುತ್ತದೆ. ಬೆರಳಿಗೆ ಇಬ್ಬರಿಗೂ ವ್ಯಾಯಾಮ. ಮನೆಮಾತಿನ ಒಗಟು, ಒಡಪು, ಶಿಶುಗೀತೆಗಳು ಮೂರು ಭಾಷೆಗಳ ಈ ಗಡಿಯಲ್ಲಿ ಯಾವ ಪಠ್ಯಪುಸ್ತಕದಿಂದಲೂ ಸಿಗುವುದಿಲ್ಲ.

ಆರಂಭಿಸುವವರು ತಿಳಿದಿರಬೇಕಾದದ್ದು

ಉತ್ಸಾಹದಿಂದ ಹೇಳುವ ಮಾತಿನಲ್ಲಿ ಒಂದು ಅಪಾಯವೂ ಇದೆ. ‘ಅಜ್ಜಿಯರು ಇದ್ದಾರಲ್ಲ, ಮಕ್ಕಳನ್ನು ಅವರೇ ನೋಡಿಕೊಳ್ಳಲಿ’ ಎಂದು ಸಂಬಳದ ಆಯಾಗಳನ್ನು ಕಡಿಮೆ ಮಾಡುವ ಆಲೋಚನೆ ಯಾವುದಾದರೂ ಸಮಿತಿ ಸಭೆಯಲ್ಲಿ ಬಂದೇ ಬರುತ್ತದೆ. ಅದಕ್ಕೆ ಅಲ್ಲಿಯೇ ಬೇಡ ಎನ್ನಬೇಕು. ವೃದ್ಧರು ಆರೈಕೆಗಾಗಿ ಬಂದವರು, ಪುಕ್ಕಟೆ ಕೆಲಸಗಾರರಲ್ಲ. ಮಲಗುವ ಕೋಣೆಗಳು ಬೇರೆ ಬೇರೆ ಇರಬೇಕು, ಜೊತೆಯಾಗಿ ಕಳೆಯುವ ಹೊತ್ತು ದಿನಕ್ಕೆ ಒಂದೆರಡು ಗಂಟೆ ಸಾಕು, ಅದೂ ಸಿಬ್ಬಂದಿಯ ಕಣ್ಣೆದುರಿಗೆ. ಕ್ಷಯ, ಕೆಮ್ಮು, ಜ್ವರ ಇದ್ದವರನ್ನು ಗುಣವಾಗುವವರೆಗೆ ಬೇರೆ ಇಡಬೇಕು. ಯಾವ ದೊಡ್ಡವರೂ, ಅವರು ಗುರುಗಳಾಗಲಿ ಅಜ್ಜನಾಗಲಿ, ಮಗುವಿನೊಂದಿಗೆ ಮುಚ್ಚಿದ ಕೋಣೆಯಲ್ಲಿ ಒಬ್ಬರೇ ಇರಬಾರದು. 2012ರ ಪೋಕ್ಸೊ ಕಾಯ್ದೆಯ ತಿಳಿವಳಿಕೆ ಅಡುಗೆಯವರಿಂದ ಹಿಡಿದು ಅಧ್ಯಕ್ಷರವರೆಗೆ ಎಲ್ಲರಿಗೂ ಬೇಕು.

ನೋಂದಣಿ ಕಷ್ಟವೇನಲ್ಲ. ಏಳು ಮಂದಿ ಸೇರಿದರೆ 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯಡಿ ಸಂಘ ಕಟ್ಟಬಹುದು. ಆ ಏಳರಲ್ಲಿ ವಖಾರಿನಲ್ಲಿ ದುಡಿಯುವ ತಾಯಂದಿರು ಇರಲಿ. ವಿದೇಶಿ ನೆರವನ್ನು ನಂಬಿ ಹೊರಡುವುದು ಬೇಡ. 2020ರ ತಿದ್ದುಪಡಿಯ ನಂತರ ಆ ದಾರಿ ಇಕ್ಕಟ್ಟಾಗಿದೆ, ನಿಂತು ಹೋದರೆ ಕೂಸುಗಳೂ ವೃದ್ಧರೂ ಒಂದೇ ದಿನ ಬೀದಿಗೆ. ಕಟ್ಟಡಕ್ಕೆ ದಾನಿಗಳು ಸುಲಭವಾಗಿ ಸಿಗುತ್ತಾರೆ, ಅಮೃತಶಿಲೆಯ ಹೆಸರು ಫಲಕವೂ ಬರುತ್ತದೆ. ಪ್ರತಿ ತಿಂಗಳ ಸಂಬಳ, ಹಾಲು, ಮೊಟ್ಟೆ, ಗುಳಿಗೆ, ವಾಹನದ ಡೀಸೆಲ್ ಇವುಗಳಿಗೆ ಹೆಸರು ಫಲಕ ಇಲ್ಲದಿರುವುದರಿಂದಲೋ ಏನೋ ದಾನಿಗಳು ವಿರಳ. ವಾಹನವಿಲ್ಲದೆ ಹಿರಿಯರ ಹಗಲು ಆರೈಕೆ ನಡೆಯುವುದೇ ಇಲ್ಲ. ಮೊಣಕಾಲು ನೋವಿನವರು ಎರಡು ಕಿಲೋಮೀಟರ್ ನಡೆದು ಬರಲಾರರು.

ಅಂಗನವಾಡಿಯೊಂದಿಗೆ ಸ್ಪರ್ಧೆಗೆ ಇಳಿಯಲೂಬಾರದು. ಮೂರು ತುಂಬಿದ ಮಗುವನ್ನು ಬೆಳಿಗ್ಗೆ ಅಲ್ಲಿಗೆ ಕಳುಹಿಸಿ, ಅದು ಮುಚ್ಚಿದ ಮೇಲೆ ಸಂಜೆಯವರೆಗೆ ನೋಡಿಕೊಂಡರೆ ಸಾಕು. ಕಬ್ಬಿನ ಹಂಗಾಮಿನಲ್ಲಿ ಟೋಳಿಯವರ ಮಕ್ಕಳಿಗೆ ಜಾಗ ಕಾದಿರಿಸಬೇಕು. ಅವರು ಈ ಊರಿನ ಮತದಾರರಲ್ಲದ ಕಾರಣ ಅವರ ಪರವಾಗಿ ಕೇಳುವವರು ಕಡಿಮೆ.

ಸ್ಥಳ ಆರಿಸುವಾಗ ಹಳೆಯ ಜನರನ್ನು ಕೇಳಿ ನದಿಯ ನೀರು ಎಲ್ಲಿಯವರೆಗೆ ಬಂದಿತ್ತೆಂದು ತಿಳಿದುಕೊಳ್ಳಬೇಕು. 2005ರಲ್ಲಿಯೂ 2019ರ ಆಗಸ್ಟ್‌ನಲ್ಲಿಯೂ ಕೃಷ್ಣೆ ಈ ತಾಲೂಕುಗಳ ಊರೂರುಗಳನ್ನೇ ಮುಳುಗಿಸಿದಳು. ಹೊತ್ತು ತರಬೇಕಾದವರು ಆಗಲೂ ಇವರೇ, ಕೂಸುಗಳು ಮತ್ತು ಮುದುಕರು. ಎತ್ತರದ ಜಾಗದಲ್ಲಿ ಒಂದು ದೊಡ್ಡ ಕೋಣೆ, ಅಡುಗೆಮನೆ, ಹಿಡಿಕೆಯಿರುವ ಎರಡು ಶೌಚಾಲಯ ಇದ್ದರೆ ಮಳೆಗಾಲದಲ್ಲಿ ಅದೇ ಕಾಳಜಿ ಕೇಂದ್ರವೂ ಆಗುತ್ತದೆ. ಯಾರಿಗೆ ಯಾವ ಗುಳಿಗೆ, ಯಾವ ಮಗುವಿಗೆ ಯಾವ ಹಾಲು ಎಂಬ ಪಟ್ಟಿ ಅಲ್ಲಿ ಮೊದಲೇ ಗೋಡೆಯ ಮೇಲಿರುತ್ತದೆ.